ಅಂಕಿಗಳಿವೆ, ಅಳೆದವರು ಕಾಣುತ್ತಿಲ್ಲ

ಆತ್ಮೀಯ ಲೇಖಕಿಯವರಿಗೆ ನಮಸ್ಕಾರ.

ಚಿಂತಾಮಣಿಯಿಂದ ನೀವು ಕಳಿಸಿದ ದಕ್ಷಿಣ ಸಾಗರದ ಲೇಖನವನ್ನು ಕೋಲಾರದ ನಮ್ಮ ಕಚೇರಿಯಲ್ಲಿ ಕೂತು ಪೂರ್ತಿ ಓದಿದೆ. ಅಂಟಾರ್ಕ್ಟಿಕಾದ ಸುತ್ತಲಿನ ನೀರಿನ ಉಷ್ಣತೆ, ಉಪ್ಪಿನಂಶ, ಕರಗಿದ ಆಮ್ಲಜನಕ, ಪೋಷಕಾಂಶಗಳನ್ನು ವಿಜ್ಞಾನಿಗಳು ನಕ್ಷೆಗಿಳಿಸಿದ ಬಗ್ಗೆ ಬರೆದಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಕೈಬಿಡುವಂಥ ವಿಷಯ ಇದಲ್ಲ. ನೀವು ಇದನ್ನು ಚೆನ್ನಾಗಿ ಬರೆಯಬಲ್ಲಿರಿ ಎಂಬ ನಂಬಿಕೆಯೂ ಇದೆ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಪ್ಪನ್ನು ತಿದ್ದಿಕೊಳ್ಳೋಣ. ಎರಡನೇ ಪುಟದಲ್ಲಿ, ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರ, ಆದ್ದರಿಂದ ಧ್ರುವದ ನೀರು ಆ ಉಷ್ಣತೆಗೆ ಬಂದಾಗ ತಳ ಸೇರುತ್ತದೆ ಎಂದಿದ್ದೀರಿ. ಅದು ಸಿಹಿನೀರಿಗೆ ಸಲ್ಲುವ ಮಾತು. ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರು ಹೆಪ್ಪುಗಟ್ಟುವುದೇ ಮೈನಸ್ 1.9 ಡಿಗ್ರಿಯ ಹತ್ತಿರ. ಅಲ್ಲಿಯವರೆಗೂ ಅದರ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಅಷ್ಟು ತಣ್ಣಗಿರುವ ನೀರಿನಲ್ಲಿ ಉಷ್ಣತೆ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಸಾಂದ್ರತೆ ಬದಲಾಗುವುದು ತೀರಾ ಅಲ್ಪ. ಯಾವ ನೀರು ಮೇಲಿರಬೇಕು, ಯಾವುದು ಕೆಳಗೆ ಎಂಬುದನ್ನು ಅಲ್ಲಿ ಬಹುಪಾಲು ತೀರ್ಮಾನಿಸುವುದು ಉಪ್ಪು.

ಇದನ್ನು ತೋರಿಸುವ ಸಾಕ್ಷಿ ನಿಮ್ಮ ಲೇಖನದಲ್ಲೇ ಇದ್ದರೂ ನೀವು ಅದನ್ನು ದಾಟಿ ಹೋಗಿದ್ದೀರಿ. ಬೇಸಿಗೆಯಲ್ಲಿ ಹಿಮದಂಚಿನ ಹತ್ತಿರ ಉಪಕರಣ ಇಳಿಸಿದರೆ ಮೇಲ್ಪದರ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಸುಮಾರು ನೂರು ಮೀಟರ್ ಆಳದಲ್ಲಿ, ಕಳೆದ ಚಳಿಗಾಲದಲ್ಲಿ ತಣಿದು ಉಳಿದುಕೊಂಡ ಪದರ ಸಿಗುತ್ತದೆ, ಅದು ಮೈನಸ್ ಒಂದೂವರೆ ಡಿಗ್ರಿಗೂ ಇಳಿದಿರಬಹುದು. ಇನ್ನೂ ಕೆಳಗೆ ಹೋದರೆ ನೀರು ಮತ್ತೆ ಬೆಚ್ಚಗಾಗಿ ಸೊನ್ನೆಯಿಂದ ಮೇಲೇರುತ್ತದೆ! ಬೆಚ್ಚನೆಯ ನೀರು ತಣ್ಣೀರಿನ ಕೆಳಗೆ ಹೇಗೆ ನಿಂತಿತು? ಅದರಲ್ಲಿ ಉಪ್ಪು ಹೆಚ್ಚು, ಅಷ್ಟೇ. ಓದುಗರು ಕಣ್ಣರಳಿಸುವ ಜಾಗ ಇದು. ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ.

ತಳದ ನೀರು ಹುಟ್ಟುವ ಬಗೆಯನ್ನೂ ಇದರ ಬೆನ್ನಿಗೇ ಹೇಳಿ. ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪಿನ ಹೆಚ್ಚಿನ ಪಾಲು ಮಂಜುಗಡ್ಡೆಯಿಂದ ಹೊರಬೀಳುತ್ತದೆ. ಅಂಟಾರ್ಕ್ಟಿಕಾದ ಅಂಚಿನ ವೆಡೆಲ್ ಸಮುದ್ರ, ರಾಸ್ ಸಮುದ್ರದಂಥ ಕಡೆ ಖಂಡದಿಂದ ಬೀಸುವ ಗಾಳಿ ಹೊಸ ಮಂಜುಗಡ್ಡೆಯನ್ನು ದಡದಿಂದ ಆಚೆ ತಳ್ಳುತ್ತಲೇ ಇರುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಉಪ್ಪು ಬಿಡುತ್ತದೆ. ಹಾಗೆ ಉಪ್ಪಾದ, ಆಮ್ಲಜನಕ ತುಂಬಿದ ತಣ್ಣೀರು ಇಳಿಜಾರಿನಲ್ಲಿ ಜಾರಿ, ಸುತ್ತಲಿನ ನೀರಿನೊಂದಿಗೆ ಬೆರೆತು ಸಾಗರದ ತಳ ಸೇರುತ್ತದೆ. ಅಟ್ಲಾಂಟಿಕ್‌ನಲ್ಲಿ ಅದು ಭೂಮಧ್ಯರೇಖೆಯನ್ನೂ ದಾಟಿ ಉತ್ತರಕ್ಕೆ ಹರಿಯುತ್ತದೆ.

ಈಗ ನನ್ನ ದೊಡ್ಡ ತಕರಾರು. ನಿಮ್ಮ ಲೇಖನದ ತುಂಬ ಅಂಕಿಗಳಿವೆ, ಆದರೆ ಅವು ಎಲ್ಲಿಂದ ಬಂದವು ಎಂಬುದೇ ಇಲ್ಲ. 'ಅತ್ಯಾಧುನಿಕ ಉಪಕರಣಗಳಿಂದ ಅಳೆಯುತ್ತಾರೆ' ಎಂದರೆ ಏನೂ ಹೇಳಿದಂತಾಗಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆಯೇ ಎಂದು ಕೇಳಿಕೊಂಡೇ ಬೆಳೆದ ಜಿಲ್ಲೆಗಳ ಜನ ನಾವು. ನೀರಿನ ಅಂಕಿ ಯಾರು ತೆಗೆದದ್ದು, ಹೇಗೆ ತೆಗೆದದ್ದು ಎಂದು ನಮ್ಮ ಓದುಗರು ಕೇಳಿಯೇ ಕೇಳುತ್ತಾರೆ.

ನಿಮ್ಮ ಪತ್ರದಲ್ಲಿ ಒಂದು ಮಾತಿದೆ: ವಿದ್ಯಾರ್ಥಿಗಳ ಕೈಯಲ್ಲಿ ಕೆರೆ ನೀರಿನ ಆಮ್ಲಜನಕವನ್ನು ವಿಂಕ್ಲರ್ ವಿಧಾನದಲ್ಲಿ ಅಳೆಯಿಸುತ್ತೀರಂತೆ. 1888ರ ಆ ವಿಧಾನವೇ ಇವತ್ತಿಗೂ ದಕ್ಷಿಣ ಸಾಗರದ ಹಡಗುಗಳಲ್ಲಿ ನಡೆಯುತ್ತದೆ, ಸೆನ್ಸರ್ ಕೊಟ್ಟ ಅಂಕಿ ಸರಿಯೇ ಎಂದು ಒರೆಗೆ ಹಚ್ಚುವುದು ಅದರಿಂದಲೇ. ಅಲ್ಲಿಂದಲೇ ಲೇಖನ ಶುರು ಮಾಡಿ. ಉಪ್ಪಿನಂಶ, ಉಷ್ಣತೆ, ಆಳ ಅಳೆಯುವ ಸಿಟಿಡಿ ಎಂಬ ಉಪಕರಣದ ಸುತ್ತ ಉದ್ದನೆಯ ಬಾಟಲಿಗಳನ್ನು ಜೋಡಿಸಿ, ತೆರೆದ ಬಾಯಲ್ಲೇ ತಳದವರೆಗೆ ಇಳಿಸುತ್ತಾರೆ. ಮೇಲೆಳೆಯುವಾಗ ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚುತ್ತಾರೆ. ಡೆಕ್ಕಿಗೆ ಬಂದ ಮೇಲೆ ನೀರು ಹಿಡಿಯುವುದಕ್ಕೂ ಸರದಿ ಉಂಟು. ಗಾಳಿ ತಾಗಿದರೆ ಕೆಡುವ ಅನಿಲಗಳದ್ದು ಮೊದಲು, ಉಪ್ಪಿನದು ಕೊನೆಗೆ. ಆಮ್ಲಜನಕದ ಶೀಷೆಗೆ ರಬ್ಬರ್ ಕೊಳವೆಯನ್ನು ತಳ ಮುಟ್ಟಿಸಿ, ನೀರು ಉಕ್ಕಿ ಹರಿಯಲು ಬಿಡುತ್ತಾರೆ, ಒಂದು ಗುಳ್ಳೆಯೂ ಉಳಿಯಕೂಡದು. ಮ್ಯಾಂಗನೀಸ್ ಲವಣ, ಕ್ಷಾರೀಯ ಅಯೋಡೈಡ್ ಹಾಕಿ ಬಿರಡೆ ಒತ್ತಿ ಅಲುಗಿಸಿದರೆ ಕಂದು ಗಸಿ ಇಳಿಯುತ್ತದೆ. ಆಮೇಲೆ ಆಮ್ಲ, ಬ್ಯೂರೆಟ್, ಥಯೋಸಲ್ಫೇಟ್; ಥಯೋಸಲ್ಫೇಟ್ ಎಷ್ಟು ಖರ್ಚಾಯಿತೋ ಅದರಿಂದ ಆಮ್ಲಜನಕದ ಲೆಕ್ಕ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದವನು, ನೀವು ಕೈಯಾರೆ ಮಾಡಿದವರು. ಆ ಕೈ ಲೇಖನದಲ್ಲಿ ಕಾಣಬೇಕು.

ಉಪ್ಪಿನಂಶದ ಬಗ್ಗೆಯೂ ಇಷ್ಟೇ ಹತ್ತಿರ ಹೋಗಿ. ನಿಮ್ಮ ಕೋಷ್ಟಕದಲ್ಲಿ ಎಲ್ಲ ಕಡೆಗೂ 35 ಎಂದು ಹಾಕಿದ್ದೀರಿ. ಹಾಗೆ ಹಾಕಿದರೆ ನಕ್ಷೆಯೇ ಅಳಿಸಿಹೋಗುತ್ತದೆ. ಅಲ್ಲಿನ ಮೇಲ್ಮೈ ನೀರು 34ರ ಹತ್ತಿರ, ತಳದ್ದು 34.7ರ ಹತ್ತಿರ. ತಳದ ನೀರು ದಶಕಗಳಲ್ಲಿ ಬದಲಾಗುವುದು ಎರಡನೇ, ಮೂರನೇ ದಶಮಾಂಶ ಸ್ಥಾನದಲ್ಲಿ. ಅದಕ್ಕೇ ಹಡಗಿನವರು 0.002ರ ನಿಖರತೆಗೆ ಹಟ ಹಿಡಿಯುವುದು. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲಿ ಸಿಟಿಡಿಯಲ್ಲಿ ಉಪ್ಪಿನಂಶ ಅಳೆಯುವ ಗಾಜಿನ ನಳಿಕೆಯೊಳಗೆ ನೀರು ಉಳಿದು ಹೆಪ್ಪುಗಟ್ಟಿದರೆ ನಳಿಕೆ ಒಡೆದೇ ಹೋಗಬಹುದು.

ಇನ್ನೊಂದು ಮಾತು ನೀವು ಎಲ್ಲೂ ಎತ್ತಿಲ್ಲ. ಹಡಗುಗಳು ಅತ್ತ ಹೋಗುವುದು ಹೆಚ್ಚಾಗಿ ಅಲ್ಲಿನ ಬೇಸಿಗೆಯಲ್ಲಿ, ನಮ್ಮ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಹಾಗಾಗಿ ಬಹಳ ಕಾಲ ನಮ್ಮ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಬೇಸಿಗೆಯ ನಕ್ಷೆ. ಚಳಿಗಾಲವನ್ನು ತುಂಬಿಕೊಟ್ಟವರಲ್ಲಿ ಎಲಿಫೆಂಟ್ ಸೀಲ್‌ಗಳೂ ಇವೆ. ತಲೆಯ ರೋಮಕ್ಕೆ ಅಂಟಿಸಿದ ಪುಟ್ಟ ಉಪಕರಣ ಹೊತ್ತು ಅವು ಮಂಜುಗಡ್ಡೆಯ ಸಂದಿಯಲ್ಲಿ ನೂರಾರು ಮೀಟರ್ ಮುಳುಗುತ್ತವೆ, ಉಸಿರಿಗೆ ಮೇಲೆ ಬಂದಾಗ ಅಂಕಿಗಳು ಉಪಗ್ರಹಕ್ಕೆ ಹೋಗುತ್ತವೆ, ರೋಮ ಉದುರುವ ಕಾಲಕ್ಕೆ ಉಪಕರಣವೂ ಉದುರುತ್ತದೆ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಏರಿಬರುವ, ತಾವಾಗಿಯೇ ಮುಳುಗಿ ಏಳುತ್ತ ನೀರನ್ನು ಅಳೆಯುವ ಆರ್ಗೋ ಫ್ಲೋಟ್‌ಗಳಲ್ಲಿ, ಮೇಲಿನ ನೀರು ಹೆಪ್ಪುಬಿಂದುವಿನ ಹತ್ತಿರವಿದ್ದರೆ ತಲೆಯ ಮೇಲೆ ಮಂಜುಗಡ್ಡೆ ಇರಬಹುದೆಂದು ಲೆಕ್ಕ ಹಾಕಿ ವಾಪಸ್ ಇಳಿಯುವಂಥವೂ ಇವೆ.

ಭಾರತದ ಪಾಲಿಗೆ ಒಂದೇ ಸಾಲು ಕೊಟ್ಟಿರುವುದು ನನಗೆ ಬೇಸರ ತಂದಿತು. 2009ರ ಲೋಹಾಫೆಕ್ಸ್ ಪ್ರಯೋಗ ನೋಡಿ. ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಹೋಗಿ ಅಟ್ಲಾಂಟಿಕ್ ಭಾಗದ ದಕ್ಷಿಣ ಸಾಗರಕ್ಕೆ ಕಬ್ಬಿಣದ ಲವಣ ಸುರಿದರು, ಅದರಿಂದ ಪಾಚಿ ಬೆಳೆದು ಇಂಗಾಲವನ್ನು ತಳಕ್ಕೆ ಒಯ್ಯುತ್ತದೆಯೇ ಎಂದು ನೋಡಲು. ಪಾಚಿ ಬೆಳೆಯಿತು. ಆದರೆ ಇಂಗಾಲವನ್ನು ತಳಕ್ಕೆ ಹೊತ್ತೊಯ್ಯಬಲ್ಲ ಡಯಾಟಮ್ ಎಂಬ ಚಿಪ್ಪಿನ ಪಾಚಿಗಳು ಹೆಚ್ಚಲಿಲ್ಲ, ಚಿಪ್ಪು ಕಟ್ಟಿಕೊಳ್ಳಲು ಬೇಕಾದ ಸಿಲಿಕೇಟ್ ಆ ನೀರಿನಲ್ಲಿ ತೀರಿತ್ತು. ಬೆಳೆದದ್ದನ್ನು ಪುಟ್ಟ ಪ್ರಾಣಿಗಳು ಮೇಯ್ದವು. ಪೋಷಕಾಂಶದ ನಕ್ಷೆ ಏಕೆ ಬೇಕು ಎಂದು ಬಿಡಿಸಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾಷೆಯ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. 'ನಿಗೂಢ', 'ರೋಚಕ', 'ಅದ್ಭುತ' ಇವನ್ನು ತೆಗೆದುಹಾಕಿ.

ತಿದ್ದಿದ ಪ್ರತಿಯನ್ನು ತಿಂಗಳೊಪ್ಪತ್ತಿನಲ್ಲಿ ಕಳಿಸಿ. ಜೊತೆಗಿಡುವ ಪ್ರತಿ ನಕ್ಷೆಯ ಕೆಳಗೂ ಅದು ಎಷ್ಟು ಆಳದ್ದು, ಯಾವ ತಿಂಗಳುಗಳದ್ದು, ಹಡಗಿನದೋ ಫ್ಲೋಟಿನದೋ ಸೀಲಿನದೋ ಎಂದು ಬರೆದಿರಬೇಕು. ಅದಿಲ್ಲದ ನಕ್ಷೆಯನ್ನು ನಾನು ಅಚ್ಚಿಗೆ ಕೊಡುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ