ಎಲೆ ಕಳಿಸಿದರೆ ರೋಗ ಹೇಳ್ತಾರಾ?

"ಮೆಟಬೊಲೈಟ್ ಪರೀಕ್ಷೆ ಬಗ್ಗೆ ಬರೆದಿದ್ದೀರಿ. ರೋಗ ಬಂದ ಎಲೆ ಕಳಿಸಿದರೆ ಯಾವ ರೋಗ ಅಂತ ಹೇಳ್ತಾರಾ? ಇಲ್ಲದಿದ್ದರೆ ರೈತರಿಗೆ ಇದರಿಂದೇನು ಲಾಭ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಇಲ್ಲ ಸ್ವಾಮಿ, ಅದು ಈ ಪರೀಕ್ಷೆಯ ಕೆಲಸವಲ್ಲ. ಆ ಎಲೆಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪೂರ್ತಿ ಒಣಗಿದ್ದು ಬೇಡ, ರೋಗ ಇನ್ನೂ ಹರಡುತ್ತಿರುವ ಎಲೆ ಇರಲಿ. ಕಾಗದದಲ್ಲಿ ಸುತ್ತಿರಿ; ಪ್ಲಾಸ್ಟಿಕ್ಕಿನಲ್ಲಿಟ್ಟರೆ ಕೊಳೆಯುತ್ತದೆ.

ಮೆಟಬೊಲೈಟ್ ಅಂದರೆ ಗಿಡ ತನ್ನೊಳಗೆ ತಯಾರಿಸುವ ಸಣ್ಣ ಸಣ್ಣ ರಾಸಾಯನಿಕಗಳು. ಒಂದೇ ಹೊಲದಲ್ಲಿ ಒಂದು ತಳಿ ರೋಗಕ್ಕೆ ಸೋಲುತ್ತದೆ, ಪಕ್ಕದ್ದು ತಡೆದುಕೊಳ್ಳುತ್ತದೆ. ತಡೆದುಕೊಂಡಿದ್ದು ಒಳಗೊಳಗೇ ಏನು ಮಾಡಿತು? ಇದನ್ನು ತಿಳಿಯುವುದಕ್ಕೆ ಈ ಪರೀಕ್ಷೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಜ್ಜಮಾಡ ಕುಶಾಲಪ್ಪ ಅವರ ತಂಡ (ಹೆಸರಲ್ಲೇ ಕೊಡಗು ಕಾಣುತ್ತದೆ, ಅಲ್ವಾ?) ಇದನ್ನೇ ಗೋಧಿಯಲ್ಲಿ ನೋಡಿತು. ಫ್ಯುಸೇರಿಯಂ ಶಿಲೀಂಧ್ರ ಹೂವಿನ ಹೊತ್ತಿಗೆ ತೆನೆಗೆ ಹತ್ತುತ್ತದೆ. ತೆನೆ ಬಲಿಯುವ ಮೊದಲೇ ಬಿಳಿಚಿಕೊಳ್ಳುತ್ತದೆ, ಕಾಳು ಮುರುಟುತ್ತದೆ, ವಾಂತಿ ತರಿಸುವ ವಿಷವೂ ಅದಕ್ಕೆ ಸೇರುತ್ತದೆ.

ತಂಡ ಆರಿಸಿಕೊಂಡ ಎರಡು ಗೋಧಿಗಳು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮಾತ್ರ ಎಫ್‌ಎಚ್‌ಬಿ1 ಎಂಬ, ರೋಗ ತಡೆಯುವ ಜೀನ್ ಇರುವ ವರ್ಣತಂತುವಿನ ಭಾಗವಿತ್ತು. ಎರಡರಲ್ಲೂ ಕೆಲವು ತೆನೆಗೆ ಶಿಲೀಂಧ್ರ ಹಾಕಿದರು, ಕೆಲವಕ್ಕೆ ಬರೀ ನೀರು. ನೀರು ಯಾಕೆ? ಸುಮ್ನೆ ಸೂಜಿ ಚುಚ್ಚಿದರೂ ಗಿಡಕ್ಕೆ ಗಾಯವೇ. ಅದನ್ನು ಲೆಕ್ಕದಿಂದ ಕಳೆಯದಿದ್ದರೆ ಎಲ್ಲವನ್ನೂ ರೋಗದ ತಲೆಗೆ ಕಟ್ಟಿಬಿಡುತ್ತೇವೆ. ಮಾದರಿ ಕೊಯ್ದ ಕೂಡಲೇ ದ್ರವ ಸಾರಜನಕದಲ್ಲಿ, ಅಂದರೆ ಸುಮಾರು ಮೈನಸ್ 196 ಡಿಗ್ರಿಯಲ್ಲಿ, ಹೆಪ್ಪುಗಟ್ಟಿಸುತ್ತಾರೆ. ತಡವಾದರೆ ಕೊಯ್ದ ಗಾಯಕ್ಕೇ ಒಳಗಿನ ರಾಸಾಯನಿಕಗಳು ಬದಲಾಗುತ್ತವೆ. ಆಮೇಲೆ ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೆದು, ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ಅದು ಅಣುಗಳ ತೂಕ ಹೇಳುತ್ತದೆ.

2012ರಲ್ಲಿ ಅವರು ಹೇಳಿದ್ದು ಇಷ್ಟು: ರೋಗ ತಡೆದ ಗೋಧಿಯಲ್ಲಿ ಫೀನಾಲ್ ಜಾತಿಯ ಕೆಲವು ವಸ್ತುಗಳು ಜಾಸ್ತಿಯಾಗಿ ಕೋಶದ ಗೋಡೆ ದಪ್ಪವಾಗುತ್ತದೆ. ಶಿಲೀಂಧ್ರ ಮುಂದಕ್ಕೆ ನುಗ್ಗಲಾರದು.

ಅಲ್ಲಿಗೆ ಮುಗಿಯಲಿಲ್ಲ. ಎಫ್‌ಎಚ್‌ಬಿ1 ಭಾಗದಲ್ಲಿ ನಿಜವಾಗಿ ಕೆಲಸ ಮಾಡುವ ಜೀನ್ ಯಾವುದು ಅಂತ 2016ರಲ್ಲಿ ಒಂದು ತಂಡ ಒಂದನ್ನು ತೋರಿಸಿತು. 2019ರಲ್ಲಿ ಎರಡು ತಂಡಗಳು ಬೇರೊಂದನ್ನು ತೋರಿಸಿದವು. ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಆ ಎರಡು ತಂಡಗಳಿಗೂ ಒಮ್ಮತವಿಲ್ಲ. ರೋಗ ತಡೆದ ಗಿಡದಲ್ಲಿ ಏನೋ ಜಾಸ್ತಿ ಕಂಡಿತು ಅಂದ ಮಾತ್ರಕ್ಕೆ ಅದೇ ಕಾರಣ ಅನ್ನಲಾಗದು. ಜೀನ್ ಕೆಡಿಸಿಯೋ ಸೇರಿಸಿಯೋ ನೋಡಲೇಬೇಕು.

ರೈತನಿಗೆ ಲಾಭ ರೋಗ ತಡೆಯುವ ತಳಿಯ ಬೀಜದ ಮೂಲಕವೇ, ಅದೂ ನಿಧಾನವಾಗಿ. ಎಲೆ ಪರೀಕ್ಷೆಯ ಹೆಸರಲ್ಲಿ ಯಾರಾದರೂ ಇದನ್ನು ಮಾರಲು ಬಂದರೆ ದುಡ್ಡು ಕೊಡಬೇಡಿ.