ಪ್ರತಿಕ್ರಿಯೆ: ಕಲಬುರಗಿಯ ಅಟ್ಟದಲ್ಲಿ ಸಿಕ್ಕ ಮೂಕಿ ಚಿತ್ರದ ರೀಲು
ಅಟ್ಟದಲ್ಲಿ ಸಿಕ್ಕ ರೀಲಿನ ಸುತ್ತು ಅಂಟಂಟಾಗಿದೆ, ಡಬ್ಬಿಯ ತಳದಲ್ಲಿ ಕಂದು ಪುಡಿ ಬಿದ್ದಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಅದು ಬಹುಶಃ ಕೊಳೆತ ನೈಟ್ರೇಟ್ ಫಿಲ್ಮು, ಅಂದರೆ ಬೇಗ ಬೆಂಕಿ ಹಿಡಿಯುವ ಹಳೆಯ ಕಾಲದ ಫಿಲ್ಮು. ಪ್ರೊಜೆಕ್ಟರ್‌ಗೆ ಹಾಕಿ ನೋಡಲಾ ಅಂತ ಕೇಳಿದ್ದೀರಿ, ಖಂಡಿತ ಬೇಡ. ಇಂಥದ್ದು 40 ಡಿಗ್ರಿ ದಾಟಿದ ಬಿಸಿಗೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆಗೆ ಪತ್ರಾಸಿನ ಕೆಳಗಿನ ಅಟ್ಟ ಅಷ್ಟು ಕಾಯದೆ ಇರುತ್ತಾ? ಹೊತ್ತಿದರೆ ನೀರು ಸುರಿದರೂ ಆರಲ್ಲ.

ಮೊದಲು ಡಬ್ಬಿ ಕೆಳಗಿಳಿಸಿ. ಒಲೆ, ದೇವರ ದೀಪದಿಂದ ದೂರ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಮುಚ್ಚಳ ಬಿಗಿಯಾಗಿ ಒತ್ತಬೇಡಿ, ಅಂಟಿದ ಸುತ್ತು ಬಿಡಿಸಬೇಡಿ. ಹೊರ ತುದಿಯ ಅಂಚಿನಲ್ಲಿ ‘ಸೇಫ್ಟಿ’ ಅಂತಿದ್ದರೆ ಅಸಿಟೇಟ್ (ಸುಲಭವಾಗಿ ಬೆಂಕಿ ಹಿಡಿಯದ ಫಿಲ್ಮು) ಇರಬಹುದು, ಅಪಾಯ ಕಡಿಮೆ. ಆದರೆ ಅದೊಂದನ್ನೇ ನಂಬಬೇಡಿ. ಚಿತ್ರಗಳ ಪಕ್ಕದಲ್ಲಿ ಧ್ವನಿಪಟ್ಟಿ (ಶಬ್ದ ದಾಖಲಾದ ಸಣ್ಣ ಪಟ್ಟಿ) ಇಲ್ಲದಿದ್ದರೆ ಮೂಕಿ ಆಗಿರುವ ಸಾಧ್ಯತೆ ಜಾಸ್ತಿ.

ಫೋಟೊ ತೆಗೆದು ಹಳೆಯ ಚಿತ್ರಗಳನ್ನು ಕಾಪಾಡುವ ಪುಣೆಯ ನ್ಯಾಷನಲ್ ಫಿಲ್ಮ್ ಆರ್ಕೈವ್‌ಗೆ ಬರೆಯಿರಿ. ಅವರು ಹೇಳುವ ತನಕ ಕೊರಿಯರ್, ರೈಲು ಎರಡೂ ಬೇಡ.