ಮಾರ್ವಾಡಿ ಹಿಂದಿಯ ಉಪಭಾಷೆನಾ? ಇನ್ನೊಂದ್ಸಲ ಕೇಳ್ಬೇಡಿ

ಪ್ರಶ್ನೆ: ಡೆನ್ಮಾರ್ಕ್‌ನ ಡೇನಿಶ್ ಮಾತಾಡೋರು ಬರೀ 60 ಲಕ್ಷ, ಆದ್ರೂ ಅದು ಭಾಷೆ. ಮಾರ್ವಾಡಿ ಅದಕ್ಕಿಂತ ದೊಡ್ಡದು, ಆದ್ರೂ ಹಿಂದಿಯ ಉಪಭಾಷೆ. ವ್ಯಾಕರಣ ಇಲ್ಲ ಅಂತಾನಾ?

ವ್ಯಾಕರಣ ಇಲ್ದೆ ಎರಡು ವಾಕ್ಯ ಮಾತಾಡಿ ತೋರಿಸಿ ನೋಡೋಣ. ಎಷ್ಟು ಸಲ ಉತ್ತರ ಕೊಟ್ರೂ ಈ ಪ್ರಶ್ನೆ ತಿರುಗಿ ಬರುತ್ತೆ, ಅದಕ್ಕೇ ಈ ಸಲ ಪೂರ್ತಿ ಹೇಳಿಬಿಡ್ತೀನಿ.

ಡೇನಿಶ್ ಪುಸ್ತಕ ಕೊಟ್ರೆ ನಾರ್ವೆಯವರು ಆರಾಮಾಗಿ ಓದ್ತಾರೆ. 1814ರ ತನಕ ನಾರ್ವೆ ಡೆನ್ಮಾರ್ಕ್ ದೊರೆ ಕೈಕೆಳಗೇ ಇತ್ತು, ಬರೆಯೋದೆಲ್ಲ ಡೇನಿಶ್‌ನಲ್ಲೇ, ಇವತ್ತು ನಾರ್ವೆಯಲ್ಲಿ ಹೆಚ್ಚಿನವರು ಬರೆಯೋ ಬೂಕ್‌ಮೋಲ್ ಅನ್ನೋ ಬರಹದ ರೂಪ ಬೆಳೆದಿದ್ದೇ ಅದರಿಂದ. ಒಬ್ರದ್ದು ಇನ್ನೊಬ್ರಿಗೆ ಅರ್ಥ ಆದ್ರೆ ಉಪಭಾಷೆ ಅನ್ನೋದಾದ್ರೆ ಇವೆರಡೂ ಒಂದೇ ಭಾಷೆ ಆಗ್ಬೇಕಿತ್ತು, ಆದ್ರೆ ಹಾಗೆ ಹೇಳೋ ಧೈರ್ಯ ಯಾರಿಗೂ ಇಲ್ಲ, ಯಾಕಂದ್ರೆ ಡೇನಿಶ್ ಬೆನ್ನಿಗೆ ಒಂದು ದೇಶ ಇದೆ, ಶಾಲೆ, ಕೋರ್ಟು, 1955ರಲ್ಲಿ ಶುರುವಾದ ಭಾಷಾ ಮಂಡಳಿ ಇದೆ. ಗಡಿ ದಾಟಿ ಜರ್ಮನಿಯ ಫ್ಲೆನ್ಸ್‌ಬರ್ಗ್‌ಗೆ ಹೋದ್ರೂ ಅಲ್ಲಿರೋ ಡೇನಿಶ್ ಅಲ್ಪಸಂಖ್ಯಾತರ ಮಕ್ಕಳಿಗೆ ಡೇನಿಶ್ ಶಾಲೆ ಸಿಗುತ್ತೆ.

ಈಗ ಮಾರ್ವಾಡಿಗೆ ಬನ್ನಿ. ರಾಜಸ್ಥಾನದ ಜೋಧ್‌ಪುರ, ನಾಗೌರ್, ಪಾಲಿ, ಬಾರ್ಮೇರ್, ಆಮೇಲೆ ಗಡಿಯಾಚೆ ಪಾಕಿಸ್ತಾನದ ಥಾರ್‌ಪಾರ್ಕರ್ ಕಡೆನೂ ಇದೆ. 2011ರ ಜನಗಣತಿಯಲ್ಲಿ ಸುಮಾರು 78 ಲಕ್ಷ ಜನ ತಾಯ್ನುಡಿ ಮಾರ್ವಾಡಿ ಅಂತ ಬರೆಸಿದ್ರು, ಮಾರ್ವಾಡಿನೂ ಸೇರೋ ದೊಡ್ಡ ಗುಂಪಿನ ಹೆಸರು ರಾಜಸ್ಥಾನಿ, ಹಾಗಂತ ಬರೆಸಿದೋರು ಬೇರೆ ಎರಡೂವರೆ ಕೋಟಿ, ಅಷ್ಟೂ ಜನರನ್ನ ತಗೊಂಡು ಹಿಂದಿ ಲೆಕ್ಕಕ್ಕೆ ಸೇರಿಸಿದ್ರು! ರಾಜಸ್ಥಾನಿನ ಸಂವಿಧಾನದ ಭಾಷೆಗಳ ಪಟ್ಟಿಗೆ, ಅಂದ್ರೆ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಅಲ್ಲಿನ ವಿಧಾನಸಭೆ 2003ರಲ್ಲೇ ನಿರ್ಣಯ ಮಾಡಿ ಕಳಿಸಿದೆ, ಇನ್ನೂ ಸೇರಿಲ್ಲ.

ಕಿವಿಗೆ ಬಿದ್ರೇ ವ್ಯತ್ಯಾಸ ಗೊತ್ತಾಗುತ್ತೆ. ಹಿಂದಿಯ 'ಮೇರಾ' ಇಲ್ಲಿ 'ಮ್ಹಾರೋ', 'ಕಹಾಂ' ಇಲ್ಲಿ 'ಕಠೈ', 'ಜಾವೂಂಗಾ' ಇಲ್ಲಿ 'ಜಾಸೂಂ'. ನಮಗೆ ಖುಷಿ ಆಗೋ ವಿಷ್ಯ ಅಂದ್ರೆ, ಹಿಂದಿಯವರು ಕಳ್ಕೊಂಡಿರೋ ಳಕಾರ ಮಾರ್ವಾಡಿಯಲ್ಲಿ ಗಟ್ಟಿಯಾಗಿದೆ. ಅವರು 'ಕಾಲಾ' ಅಂದ್ರೆ ಇವರು 'ಕಾಳೋ' ಅಂತಾರೆ.

ಪ್ರಶ್ನೆ: ಬೆಂಗಳೂರಿನ ಚಿಕ್ಕಪೇಟೆಯ ಮಾರ್ವಾಡಿ ಅಂಗಡಿಯವರು ಹಿಂದಿನೇ ಮಾತಾಡ್ತಾರಲ್ಲ?

ನಿಮ್ಮ ಹತ್ರ ಮಾತಾಡ್ತಾರೆ. ಊರಿಂದ ಫೋನ್ ಬಂದಾಗ ಸ್ವಲ್ಪ ಕಿವಿಗೊಟ್ಟು ಕೇಳಿ.

ಪ್ರಶ್ನೆ: ಮಾರ್ವಾಡಿಗೆ ಲಿಪಿನೇ ಇಲ್ವಂತೆ?

ವ್ಯಾಪಾರದ ಲೆಕ್ಕಕ್ಕೆ ಮಹಾಜನಿ ಲಿಪಿ ಇತ್ತು, ಈಗ ದೇವನಾಗರಿಲಿ ಬರೀತಾರೆ. ಡೇನಿಶ್‌ನವರೂ ರೋಮನ್ ಲಿಪಿ ಎರವಲು ತಂದೋರೇ, ಅವರನ್ನ ಯಾಕೆ ಕೇಳಲ್ಲ?

ಪ್ರಶ್ನೆ: ಕೋಪನ್‌ಹೇಗನ್‌ನಲ್ಲಿ ಕೆಲಸ ಸಿಕ್ಕಿದೆ. 30 ದಿನದಲ್ಲಿ ಡೇನಿಶ್ ಕಲಿಸ್ತೀವಿ ಅನ್ನೋ ಕೋರ್ಸಿಗೆ ಸೇರ್ಲಾ?

ಬೇಡ. ಅವರು ದುಡ್ಡು ಇಸ್ಕೊಂಡು ಅಕ್ಷರ ಓದೋದು ಕಲಿಸ್ತಾರೆ, ಡೇನಿಶ್ ಜನ ಬರೆದಿದ್ರಲ್ಲಿ ಅರ್ಧ ನುಂಗಿಯೇ ಮಾತಾಡೋದು. ಗಂಟಲು ಸ್ವಲ್ಪ ಬಿಗಿಹಿಡಿದು ಬಿಡೋ 'ಸ್ಟೋಡ್' ಅಂತ ಒಂದಿದೆ, ಅದು ಇದ್ರೆ ಒಂದರ್ಥ, ಇಲ್ಲದಿದ್ರೆ ಇನ್ನೊಂದು. 50ಕ್ಕೆ 'ಹಾಲ್‌ಟ್ರೆಸ್' ಅಂತಾರೆ, ಅದರ ಮೂಲ ಎರಡೂವರೆ ಸಲ ಇಪ್ಪತ್ತು. ಇಂಗ್ಲಿಷಲ್ಲೇ ಕಾಲ ತಳ್ತೀನಿ ಅಂತಾನೂ ಅನ್ಕೋಬೇಡಿ, ಮುಂದೆ ಪೌರತ್ವ ಬೇಕು ಅಂದ್ರೆ ಡೇನಿಶ್ ಪರೀಕ್ಷೆ ಇದೆ. ಅಲ್ಲಿಗೆ ಹೋದ ಮೊದಲ ವಾರವೇ ತರಗತಿಗೆ ಸೇರಿ, ದಿನಾ ರೇಡಿಯೋ ಹಾಕ್ಕೊಂಡು ಕೇಳಿ.